ಬೇವಿನ ಕಾಲು, ಜಾಲಿಯ ಅಡ್ಡಕೋಲು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ತಾನೇ ಮಾಡಿದ ಪೀಠದ ಮೇಲಲ್ಲದೆ ಯಾರೂ ಪಾಠಕ್ಕೆ ಕೂರುವ ಹಾಗಿರಲಿಲ್ಲ.

ಪೀಠವೆಂದರೆ ದೊಡ್ಡದೇನಲ್ಲ. ನಾಲ್ಕು ಕಾಲು, ಎಂಟು ಅಡ್ಡಕೋಲು, ಮೇಲೆ ಪುಂಡಿನಾರಿನ ಹಗ್ಗದ ಹೆಣಿಗೆ. ಮರ ಹೇಗೆ ಬೆಳೆದಿತ್ತೋ ಹಾಗೆಯೇ ದುಂಡಗೆ ಇರಬೇಕು. ಕೊಯ್ದು ಹಲಗೆ ಮಾಡಬಾರದು. ಮೊಳೆ ಇಲ್ಲ, ಅಂಟು ಇಲ್ಲ. ಕಾಲಿಗೆ ಬೈರಿಗೆಯಿಂದ ತೂತು ಕೊರೆದು, ಅಡ್ಡಕೋಲಿನ ತುದಿಯನ್ನು ಅದರೊಳಗೆ ಬಡಿದು ಕೂರಿಸಬೇಕು. ಅಷ್ಟೇ.

ದೀಪಾವಳಿ ಕಳೆದ ಮೇಲೆ ಮಾಡಿದ ಪೀಠ ಒಂದು ಬೇಸಿಗೆಯನ್ನು ಅಂಗಳದಲ್ಲೇ ಕಳೆಯಬೇಕು. ಗುರುಪೂರ್ಣಿಮೆಯ ಬೆಳಿಗ್ಗೆ ಗುರುಗಳು ಅದನ್ನು ಹಿಡಿದು ಅಲುಗಿಸುತ್ತಾರೆ. ಕಿರ್ ಎಂದಿತೋ, ಮಾಡಿದವರು ಆ ವರ್ಷವೂ ನಿಂತಿರಬೇಕು.

ನಿಂತವರಿಗೆ ಬೆಳಗಿನ ಸಣ್ಣ ಪಾಠ ಮಾತ್ರ. ಮಳೆಗಾಲದ ನಾಲ್ಕು ತಿಂಗಳು ನಡೆಯುವ ದೊಡ್ಡ ಪಾಠ ಕೂತವರಿಗೆ.

ದಾಕ್ಷಾಯಿಣಿ ಎರಡು ವರ್ಷದಿಂದ ನಿಂತಿದ್ದಳು.

ಗಂಡ ತೀರಿಕೊಂಡ ಮೇಲೆ, ಮೂವತ್ತೆಂಟರ ವಯಸ್ಸಿನಲ್ಲಿ, ಒಂದು ಗಂಟು ಬಟ್ಟೆ ಹಿಡಿದು ಅವಳು ಆಶ್ರಮಕ್ಕೆ ಬಂದವಳು. ಗುರುಗಳನ್ನು ಅಲ್ಲಿ ಎಲ್ಲರೂ ಅಜ್ಜನವರು ಎನ್ನುತ್ತಿದ್ದರು. ಅವಳು ಅವರ ಮುಂದೆ ನಿಂತು ಹೇಳಿದ್ದು ಒಂದೇ ಮಾತು.

"ದೊಡ್ಡ ಪಾಠ ಕೇಳಲು ಬಂದಿದ್ದೇನೆ ಅಜ್ಜಾ. ಕೇಳದೆ ಹೋಗುವುದಿಲ್ಲ."

"ಹೋಗು ಎಂದವರು ಯಾರು?" ಎಂದರು ಅಜ್ಜನವರು. "ಮೊದಲು ಪೀಠ ಮಾಡು."

"ಯಾವ ಮರ ಒಳ್ಳೆಯದು?"

"ಯಾವುದಕ್ಕೆ? ಕೂರುವುದಕ್ಕೋ, ತೋರಿಸುವುದಕ್ಕೋ?"

ಅವಳ ಮುಖ ಕೆಂಪಾಯಿತು. ಒಳ್ಳೆಯ ಮರ ಯಾವುದೆಂದು ತನಗೆ ಗೊತ್ತಿಲ್ಲವೇ? ತವರುಮನೆಯ ಕೊಟ್ಟಿಗೆಯಲ್ಲಿ ಹತ್ತು ವರ್ಷದಿಂದ ಒಣಗಿದ್ದ ತೇಗದ ಗಳುಗಳನ್ನು ಗಾಡಿಯಲ್ಲಿ ತರಿಸಿದಳು. ಕಾಲಿಗೂ ಅದೇ, ಅಡ್ಡಕೋಲಿಗೂ ಅದೇ. ಸಡಿಲವಾಗಬಾರದೆಂದು ಅಡ್ಡಕೋಲುಗಳ ತುದಿಯನ್ನು ತೂತಿಗಿಂತ ಒಂದು ಕೂದಲೆಳೆಯಷ್ಟು ದಪ್ಪವೇ ಉಳಿಸಿ, ಕೊಡತಿಯಿಂದ ಬಡಿದು ಬಡಿದು ಕೂರಿಸಿದಳು.

ಚೈತ್ರದ ಬಿಸಿಲಿಗೆ ಎರಡು ಕಾಲುಗಳು ತೂತಿನಿಂದ ತಲೆಯವರೆಗೆ ಸೀಳಿಹೋದವು.

ಹಿರಿಯ ಶಿಷ್ಯ ರೇವಣಯ್ಯ ಸೀಳಿದ ಸಂದಿನಲ್ಲಿ ಬೆರಳು ಆಡಿಸಿದ. ಅವನು ಹನ್ನೊಂದು ವರ್ಷದಿಂದ ಕೂತವನು. ಅಡುಗೆಮನೆಯೂ ಅವನದೇ, ಕೊಂಕುಮಾತೂ ಅವನದೇ.

"ತಂಗೀ, ತೇಗಕ್ಕೂ ನಿನ್ನ ಬಿಗಿ ತಡೆಯಲಿಲ್ಲ ನೋಡು."

ಮರುವರ್ಷ ಅವಳು ಹೊನ್ನೆ ಹಿಡಿದಳು. ಗಾಳಿಗೆ ಗುಡ್ಡದ ಮೇಲೆ ಒಂದು ದೊಡ್ಡ ಕೊಂಬೆ ಮುರಿದು ಬಿದ್ದಿತ್ತು. ಒಣಗಿದ್ದು ಸೀಳುತ್ತದೆಂದರೆ ಹಸಿಯದೇ ಆಗಲಿ ಎಂದು ಕಾಲು, ಅಡ್ಡಕೋಲು ಎರಡನ್ನೂ ಅದೇ ಕೊಂಬೆಯಿಂದ ಕಡಿದಳು. ಹಗ್ಗದ ಬದಲು ತೊಗಟೆ ತೆಗೆದ ಹೊನ್ನೆಯ ಕೋಲುಗಳನ್ನೇ ಮೇಲೆ ಒತ್ತೊತ್ತಾಗಿ ಜೋಡಿಸಿದಳು. ಹೊಂಬಣ್ಣದ ಪೀಠ. ದಾರಿಹೋಕರೂ ನಿಂತು ನೋಡಿ ಹೋಗುವಂತಿತ್ತು.

ರೇವಣಯ್ಯ ಒಂದು ದಿನ ಹೊಳೆಯಿಂದ ಮಿಂದು ಬಂದವನು ತನ್ನ ಬಿಳಿ ಪಂಚೆಯನ್ನು ಹಿಂಡಿ ಆ ಪೀಠದ ಮೇಲೆ ಹರವಿದ.

"ಅಣ್ಣಾ, ಅದು ಪೀಠ!"

"ನಿನ್ನ ಪೀಠದ ಮೇಲೆ ನಾನು ಕೂರುವ ಹಾಗಿಲ್ಲ, ಒಪ್ಪಿದೆ. ಪಂಚೆ ಒಣಹಾಕಬಾರದೆಂದು ಯಾವ ಕಟ್ಟಳೆಯಲ್ಲಿದೆ?"

ಸಂಜೆ ಪಂಚೆ ತೆಗೆದಾಗ ಅದರ ನಡುವೆ ಹಳದಿಯೂ ಕಂದೂ ಕೂಡಿದ ಪಟ್ಟೆಗಳು ಬರೆ ಎಳೆದಂತೆ ಮೂಡಿದ್ದವು. ಒದ್ದೆ ತಾಗಿದರೆ ಹೊನ್ನೆ ಬಣ್ಣ ಬಿಡುತ್ತದೆ. ಸೀಗೆಕಾಯಿ ಹಾಕಿ ಉಜ್ಜಿದರೂ ಹೋಗಲಿಲ್ಲ. ಆಶ್ರಮದ ಆರು ಮಂದಿಯೂ ನಕ್ಕರು. ಅಜ್ಜನವರು ನಕ್ಕು ನಕ್ಕು ಕೆಮ್ಮಿದರು.

ದಾಕ್ಷಾಯಿಣಿಗೂ ಅಂದು ನಗು ಬಂದಿತ್ತು. ಗುರುಪೂರ್ಣಿಮೆಯ ದಿನ ಬರಲಿಲ್ಲ. ಅಜ್ಜನವರು ಎರಡು ಬೆರಳಲ್ಲಿ ಮುಟ್ಟಿದ್ದೇ ತಡ, ಪೀಠ ಹಳೆಯ ಗಾಡಿಯಂತೆ ಕಿರುಗುಟ್ಟಿತು. ಒಂದು ಅಡ್ಡಕೋಲು ತಾನಾಗಿಯೇ ಜಾರಿ ನೆಲಕ್ಕೆ ಬಿತ್ತು.

ಆ ವರ್ಷದ ದೊಡ್ಡ ಪಾಠ ಮುಗಿದ ದಿನ ಅಜ್ಜನವರು ಎಲ್ಲರನ್ನೂ ಕರೆದರು. ಅವರಿಗೆ ಎಪ್ಪತ್ತೆಂಟು ನಡೆಯುತ್ತಿತ್ತು.

"ನನ್ನ ಉಸಿರು ಸಾಲುತ್ತಿಲ್ಲ. ಬರುವ ಮಳೆಗಾಲಕ್ಕೆ ಒಮ್ಮೆ ಹೇಳುತ್ತೇನೆ. ಆಮೇಲೆ ದೊಡ್ಡ ಪಾಠ ಇಲ್ಲ."

ಎಲ್ಲರ ಕಣ್ಣೂ ಕಂಬದ ಪಕ್ಕ ನಿಂತಿದ್ದ ದಾಕ್ಷಾಯಿಣಿಯ ಕಡೆ ತಿರುಗಿತು. ಅವಳು ತಲೆ ತಗ್ಗಿಸಲಿಲ್ಲ. ಉಳಿದಿರುವುದು ಒಂದೇ ಪೀಠ, ಒಂದೇ ಬೇಸಿಗೆ. ಇರಲಿ. ಒಂದು ಸಾಕು.

ದೀಪಾವಳಿ ಕಳೆಯಿತು. ಒಂದು ಬೆಳಿಗ್ಗೆ ಅಜ್ಜನವರು ಹೊಳೆಗೆ ಹೊರಟಿದ್ದಾಗ ಅವಳು ಅಡ್ಡ ಬಂದಳು.

"ಅಜ್ಜಾ, ನಿಮ್ಮ ಪೀಠ ಯಾವ ಮರದ್ದು?"

"ಕಾಲು ಬೇವು. ಅಡ್ಡಕೋಲು ಜಾಲಿ."

ಅವಳು ಪೆಚ್ಚಾದಳು. ಬೀಟೆಯೋ ಶ್ರೀಗಂಧವೋ ಇದ್ದೀತೆಂದು ಎಣಿಸಿದ್ದಳು. ಬೇವು ಅಂಗಳದಲ್ಲೇ ಇದೆ. ಜಾಲಿ ಹೊಳೆಯ ದಂಡೆಯುದ್ದಕ್ಕೂ ಮುಳ್ಳು ಚಾಚಿ ನಿಂತಿದೆ. ಕಡಿದು ಒಲೆಗೆ ಹಾಕುವ ಮರ.

"ಅಷ್ಟೇನಾ?"

"ಅಷ್ಟೇ."

"ಹಾಗಾದರೆ ನಲವತ್ತು ವರ್ಷ ಅಲುಗದೆ ಹೇಗೆ ಉಳಿಯಿತು?"

"ಒಳಗಿರುವುದನ್ನು ಹೊರಗೆ ನಿಂತು ಕೇಳಿದರೆ ನಾನೇನು ಹೇಳಲಿ?" ಎಂದು ಅಜ್ಜನವರು ಪಂಚೆ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು.

ದಾಕ್ಷಾಯಿಣಿ ಸೀದಾ ಹೋಗಿ ಗರಗಸ ತಂದಳು.

ಅಜ್ಜನವರ ಪೀಠವನ್ನು ಮಗುಚಿ ಮಲಗಿಸಿ, ಒಂದು ಕಾಲಿಗೆ ಅಡ್ಡಕೋಲು ಸೇರುವ ಜಾಗದಲ್ಲೇ ಗರಗಸ ಇಟ್ಟಳು. ಹಲ್ಲು ಕಚ್ಚಿ ಎಳೆದಳು. ನಲವತ್ತು ವರ್ಷದ ಬೇವು ಕಹಿ ಹುಡಿ ಉದುರಿಸುತ್ತ ಎರಡಾಯಿತು.

ಒಳಗೆ ಸಂದೇ ಇರಲಿಲ್ಲ. ಜಾಲಿಯ ತುದಿಯನ್ನು ಬೇವು ಸುತ್ತಲಿಂದ ಅಪ್ಪಿ ಹಿಡಿದಿತ್ತು. ಎಷ್ಟು ಬಿಗಿಯೆಂದರೆ ಬೇವಿನ ನಾರು ಜಾಲಿಯ ಮೇಲೆ ಗೆರೆಗೆರೆಯಾಗಿ ಅಚ್ಚೊತ್ತಿತ್ತು.

ಅವಳು ಆ ಗೆರೆಗಳ ಮೇಲೆ ಉಗುರಾಡಿಸಿದಳು. ಹೊರಗಿನಿಂದ ಬಡಿದ ಕೊಡತಿ ಸುತ್ತಲೂ ಹೀಗೆ ಒತ್ತಲಾರದು. ಕಾಲು ತಾನಾಗಿಯೇ ಕುಗ್ಗಿ ಹಿಡಿದಿದೆ. ಹಸಿ ಚರ್ಮ ಮದ್ದಳೆಯ ಬಾಯಿಗೆ ಒಣಗುತ್ತ ಬಿಗಿದುಕೊಳ್ಳುವ ಹಾಗೆ. ಅಂದರೆ, ಸೇರಿಸಿದ ದಿನ ಕಾಲು ಹಸಿಯಿತ್ತು. ಅಡ್ಡಕೋಲು ಆಗಲೇ ಒಣಗಿ ಮುಗಿದಿತ್ತು.

ಎರಡು ವರ್ಷ ಅವಳು ಮರದ ಜಾತಿ ಹುಡುಕಿದ್ದಳು.

"ಅಯ್ಯಯ್ಯೋ!"

ರೇವಣಯ್ಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿದ್ದ ಸೌಟು ಹಾಗೇ ಮೇಲೆ ಉಳಿದಿತ್ತು.

"ಗುರುಗಳ ಪೀಠಕ್ಕೆ ಗರಗಸ ಹಾಕಿದೆಯಾ? ನಿನಗೆ ಕೈ ಹೇಗೆ ಬಂತು? ಇಳಿ ಹೊರಗೆ! ಗಂಟು ಕಟ್ಟು!"

ಗದ್ದಲಕ್ಕೆ ಉಳಿದವರೂ ಬಂದರು. ಕೊನೆಗೆ ಒದ್ದೆ ತಲೆಯ ಅಜ್ಜನವರೂ ಬಂದರು. ಎರಡು ತುಂಡಾದ ಕಾಲನ್ನು ನೋಡಿದರು. ದಾಕ್ಷಾಯಿಣಿಯನ್ನು ನೋಡಿದರು.

"ಕಂಡಿತೇ?"

"ಕಂಡಿತು ಅಜ್ಜಾ."

"ಏನು?"

"ಕಾಲು ಹಸಿಯಿರಬೇಕು. ಅಡ್ಡಕೋಲು ಒಣಗಿರಬೇಕು. ಕಾಲು ಒಣಗುತ್ತ ಒಣಗುತ್ತ ತಾನೇ ಹಿಡಿದುಕೊಳ್ಳುತ್ತದೆ."

"ಇವಳನ್ನು ಇವತ್ತೇ ಕಳಿಸಿಬಿಡಿ ಅಜ್ಜಾ," ಎಂದ ರೇವಣಯ್ಯ.

"ಇದು ಗೊತ್ತಾಗಲು ನನಗೆ ಒಂಬತ್ತು ವರ್ಷ ಹಿಡಿಯಿತು ರೇವಣ್ಣಾ. ಒಂಬತ್ತು ವರ್ಷ ನಿಂತಿದ್ದೆ. ನನಗೆ ಗರಗಸ ಹೊಳೆಯಲಿಲ್ಲ."

ರೇವಣಯ್ಯ ಒಳಗೆ ಹೋಗಿ ತನ್ನ ಪೀಠವನ್ನೇ ತಂದು ಅಜ್ಜನವರ ಮುಂದಿಟ್ಟ.

"ಇದರ ಮೇಲೆ ಕೂತುಕೊಳ್ಳಿ."

"ಅದು ನಿನ್ನದು. ಕಟ್ಟಳೆ ಯಾರ ಮೇಲಿದೆ?"

"ಎಲ್ಲರ ಮೇಲೂ."

"ಹಾಗಾದರೆ ಅದು ನನ್ನ ಮೇಲೂ ಇದೆ. ನಾನೂ ಇವಳ ಜೊತೆ ಪೀಠ ಮಾಡುತ್ತೇನೆ."

"ಅದು ಪೂರ್ಣಿಮೆಗೆ ಕಿರ್ ಎಂದರೆ?"

"ನಿಂತವನು ದೊಡ್ಡ ಪಾಠ ಹೇಳುವ ಹಾಗಿಲ್ಲ. ಯಾರಿಗೂ ಹೇಳುವುದಿಲ್ಲ."

ಈಗ ದಾಕ್ಷಾಯಿಣಿಗೆ ತನ್ನ ಪೀಠ ಒಂದು ಗಟ್ಟಿಯಾದರೆ ಸಾಲದು. ಎರಡೂ ಗಟ್ಟಿಯಾಗಬೇಕು.

ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಜಾಲಿಯ ಕೋಲುಗಳ ರಾಶಿ ಇತ್ತು. ಗುದ್ದಲಿ ಕಾವಿಗೆ, ಕೊಡಲಿ ಕಾವಿಗೆ ಎಂದು ರೇವಣಯ್ಯ ವರ್ಷವರ್ಷವೂ ಕಡಿದು ಹೊಗೆಯಲ್ಲಿ ಒಣಹಾಕಿದ್ದು. ಕೆಲವು ಮೂರು ವರ್ಷದವು, ಕೆಲವು ಹೋದ ಮಳೆಗಾಲದವು. ಹೊಗೆ ಕುಡಿದು ಎಲ್ಲವೂ ಒಂದೇ ಕಪ್ಪಾಗಿದ್ದವು. ನೋಡಿದರೆ ಗುರುತು ಸಿಗದು.

"ಕಣ್ಣನ್ನು ನಂಬಬೇಡ, ಕಿವಿಯಿಂದ ಆರಿಸು," ಎಂದರು ಅಜ್ಜನವರು. "ಒಂದಕ್ಕೊಂದು ತಟ್ಟಿ ನೋಡು. ಠಣ್ ಎಂದರೆ ಒಣಗಿದೆ. ದಬ್ ಎಂದರೆ ಒಳಗೆ ಇನ್ನೂ ಹಸಿ."

ಅವಳು ತಟ್ಟಿದಳು. ಠಣ್. ಠಣ್. ದಬ್. ಠಣ್. ಒಂದೊಂದನ್ನೂ ಎರಡೆರಡು ಸಲ ತಟ್ಟಿ ಎಂಟು ಆರಿಸಿಕೊಂಡಳು. ಎದುರಿಗೆ ಅಜ್ಜನವರು ಕುಕ್ಕರಗಾಲಲ್ಲಿ ಕೂತು ತಮ್ಮ ಎಂಟನ್ನು ಆರಿಸುತ್ತಿದ್ದರು. ಕೋಲನ್ನು ಬಲಗಿವಿಯ ಹತ್ತಿರ ಹಿಡಿದು ತಟ್ಟುತ್ತಿದ್ದರು.

ಎರಡು ವರ್ಷದಿಂದ ಅವರಿಗೆ ಕಿವಿ ಮಂದವಾಗಿತ್ತು. ಆಶ್ರಮದಲ್ಲಿ ಯಾರೂ ಅದನ್ನು ಅವರಿಗೆ ಹೇಳಿರಲಿಲ್ಲ. ಎಲ್ಲರೂ ದನಿಯನ್ನು ಮಾತ್ರ ಸ್ವಲ್ಪ ಎತ್ತರಿಸಿಕೊಂಡಿದ್ದರು.

ಅಜ್ಜನವರು ಏಳನೆಯ ಕೋಲು ತಟ್ಟಿದರು.

ದಬ್.

ಅವರು ತಲೆಯಾಡಿಸಿ ಅದನ್ನು ಒಳ್ಳೆಯ ಕೋಲುಗಳ ಜೊತೆಗೆ ಇಟ್ಟುಕೊಂಡರು.

ದಾಕ್ಷಾಯಿಣಿಯ ಬಾಯಿ ತೆರೆಯಿತು. ಇವರು ನಲವತ್ತು ವರ್ಷ ಪೀಠ ಅಲುಗಿಸಿ ನೋಡಿದವರು. ತಾನು ಎರಡು ಪೀಠ ಕೆಡಿಸಿದವಳು, ಮೂರನೆಯದನ್ನು ಕೊಯ್ದವಳು. ಇವರಿಗೆ ತಾನು ಹೇಳುವುದೇ? ತನ್ನ ಕಿವಿಯೇ ತಪ್ಪಿರಬಹುದು.

"ಬೇವಿನ ಕೊಂಬೆ ಇಳಿಸಲೇ ಅಜ್ಜಾ?" ಎಂದಳು, ಸ್ವಲ್ಪ ಗಟ್ಟಿಯಾಗಿ.

"ಇಳಿಸು," ಎಂದರು ಅವರು.

ಕಾಲುಗಳಿಗಾಗಿ ಅಂಗಳದ ಬೇವಿನ ಎರಡು ಕೊಂಬೆಗಳನ್ನು ಅವಳೇ ಹತ್ತಿ ಕಡಿದಳು. ಕಡಿದ ದಿನವೇ ತೂತು ಕೊರೆಯಬೇಕು. ಬಿಟ್ಟರೆ ಒಣಗಲು ಶುರುವಾಗುತ್ತದೆ. ಬೈರಿಗೆ ತಿರುಗಿಸಿ ಅಂಗೈಯಲ್ಲಿ ಗುಳ್ಳೆ ಎದ್ದವು, ಗುಳ್ಳೆ ಒಡೆದವು. ಬಟ್ಟೆ ಸುತ್ತಿಕೊಂಡು ತಿರುಗಿಸಿದಳು. ಈ ಸಲ ಅಡ್ಡಕೋಲಿನ ತುದಿಯನ್ನು ತೂತಿನ ಅಳತೆಗೆ ಸರಿಯಾಗಿ ಕೆತ್ತಿದಳು. ಬಿಗಿಯುವ ಕೆಲಸವನ್ನು ಬೇವಿಗೆ ಬಿಟ್ಟಳು.

ಅಜ್ಜನವರು ನಿಧಾನವಾಗಿ ಕೆತ್ತಿದರು. ಅವರ ಕೈ ಒಂದಿಷ್ಟೂ ತಪ್ಪಲಿಲ್ಲ. ನೋಡಲು ಅವರ ಪೀಠವೇ ಚೆಂದವಿತ್ತು.

ಚಳಿಗಾಲ ಕಳೆಯಿತು. ಬೇಸಿಗೆ ಬಂತು. ಬೆಳಗಿನ ಸಣ್ಣ ಪಾಠವನ್ನು ಅಜ್ಜನವರು ಗೋಡೆಗೆ ಒರಗದೆ ನಿಂತು ಹೇಳಿದರು. ಅವಳು ಎದುರಿಗೆ ನಿಂತು ಕೇಳಿದಳು. ದಿನಾ ಹಾದುಹೋಗುವಾಗ ಅಂಗಳದ ಎರಡು ಪೀಠಗಳ ಕಡೆ ಅವಳ ಕಣ್ಣು ಹೋಗುತ್ತಿತ್ತು. ಮುಟ್ಟುವ ಹಾಗಿರಲಿಲ್ಲ. ಮುಟ್ಟಲಿಲ್ಲ.

ಗುರುಪೂರ್ಣಿಮೆಯ ಬೆಳಿಗ್ಗೆ ಹೊಳೆಯ ಆಚೆ ಮೋಡ ಕಟ್ಟಿತ್ತು. ಆರು ಮಂದಿಯೂ ಸೇರಿದರು.

ಮೊದಲು ಅವಳ ಪೀಠ. ಅಜ್ಜನವರು ಒಂದು ಮೂಲೆ ಹಿಡಿದು ತಿರುಚಿದರು. ಮಂಡಿ ಊರಿ ಒತ್ತಿದರು. ಎತ್ತಿ ನೆಲಕ್ಕೆ ಕುಟ್ಟಿದರು. ರೇವಣಯ್ಯ ಪಕ್ಕದಲ್ಲಿ ಬಾಗಿ ಕಿವಿಗೊಟ್ಟಿದ್ದ.

ಸದ್ದಿಲ್ಲ.

"ನನ್ನ ಪಂಚೆ ಹಾಳುಮಾಡಿದವಳಿಗೆ ನಾನು ಸುಳ್ಳು ಹೊಗಳಿಕೆ ಕೊಡುವುದಿಲ್ಲ," ಎಂದ ರೇವಣಯ್ಯ. "ಗಟ್ಟಿಯಿದೆ ಅಜ್ಜಾ."

"ಗಟ್ಟಿ," ಎಂದರು ಅಜ್ಜನವರು.

ದಾಕ್ಷಾಯಿಣಿ ಆದರೂ ಕೂರಲಿಲ್ಲ. ಇನ್ನೊಂದು ಪೀಠ ಇತ್ತು.

"ನನ್ನದನ್ನು ಯಾರು ಅಲುಗಿಸುತ್ತೀರಿ?" ಎಂದರು ಅಜ್ಜನವರು.

ಯಾರೂ ಮುಂದೆ ಬರಲಿಲ್ಲ.

"ನಿಮ್ಮದನ್ನೂ ಅಲುಗಿಸಬೇಕೇ ಅಜ್ಜಾ?" ಎಂದ ರೇವಣಯ್ಯ. "ಸಾಕು, ಕೂತುಬಿಡಿ. ಮಳೆ ಬರುವಂತಿದೆ."

"ಕೊಯ್ದವಳೇ ಅಲುಗಿಸಲಿ."

ಅವಳು ಮಂಡಿಯೂರಿ ಪೀಠದ ಎರಡು ಕಾಲು ಹಿಡಿದಳು. ತಿರುಚಿದಳು. ಏನೂ ಇಲ್ಲ. ಉಳಿದೆರಡನ್ನು ಹಿಡಿದು ತಿರುಚಿದಳು.

ಕಿರ್.

ಬಹಳ ಸಣ್ಣದು. ಅವಳಿಗೆ ಕೇಳಿಸಿತು. ಬಾಗಿ ನಿಂತಿದ್ದ ರೇವಣಯ್ಯನಿಗೆ ಕೇಳಿಸಿತು. ಅಜ್ಜನವರು ಅವಳ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಕೇಳಿಸಿರಲಿಲ್ಲ.

ರೇವಣಯ್ಯ ಅವಳನ್ನು ನೋಡಿ ಹೇಳಬೇಡವೆಂಬಂತೆ ಮೆಲ್ಲಗೆ ತಲೆಯಾಡಿಸಿದ. ಅವನ ಕಣ್ಣು ಬೇಡಿಕೊಳ್ಳುತ್ತಿತ್ತು.

ಗಟ್ಟಿ ಎಂದರೆ ಸಾಕು. ಒಂದೇ ಮಾತು. ಈ ಕ್ಷಣವೇ ಅವಳು ಕೂರುತ್ತಾಳೆ, ಅವರು ಕೂರುತ್ತಾರೆ, ಕೊನೆಯ ದೊಡ್ಡ ಪಾಠ ಶುರುವಾಗುತ್ತದೆ. ಆ ಸಣ್ಣ ಸದ್ದಿಗೆ ಪೀಠ ಮುರಿದುಬೀಳುವುದೂ ಇಲ್ಲ. ಒಂದು ಮಳೆಗಾಲಕ್ಕೆ ಧಾರಾಳವಾಗಿ ಸಾಕು. ಇಲ್ಲವೆಂದರೆ ಮೂರು ವರ್ಷ ನಿಂತು ಕಾದ ಪಾಠ ಇನ್ನು ಈ ಜನ್ಮದಲ್ಲಿ ಇಲ್ಲ.

ಅವಳು ಎದ್ದು ನಿಂತಳು.

"ಗಟ್ಟಿಯಿಲ್ಲ ಅಜ್ಜಾ."

"ಏನಂದೆ?"

"ಗಟ್ಟಿಯಿಲ್ಲ!" ಎಂದಳು, ಅಂಗಳಕ್ಕೆಲ್ಲ ಕೇಳುವಂತೆ. "ಕಿರ್ ಎಂದಿತು. ನಿಮಗೆ ಕೇಳಿಸಲಿಲ್ಲ. ನಿಮಗೆ ಕಿವಿ ಮಂದವಾಗಿದೆ."

"ತಂಗೀ!" ರೇವಣಯ್ಯನ ದನಿ ಒಡೆದಿತ್ತು. "ನಿನಗೆ ಕೇಳಿಸಿದ್ದು ನನಗೂ ಕೇಳಿಸಿತು. ಸುಮ್ಮನಿರಲು ಆಗಲಿಲ್ಲವೇ ನಿನಗೆ?"

"ಒಂದು ಸಲ ಸುಮ್ಮನಿದ್ದೆ ಅಣ್ಣಾ. ಅದಕ್ಕೇ ಇದು ಹೀಗಾಯಿತು."

ಅವಳು ಅಜ್ಜನವರ ಕಡೆ ತಿರುಗಿದಳು. ದನಿ ತಗ್ಗಿಸಲಿಲ್ಲ.

"ಕೋಲು ಆರಿಸಿದ ದಿನ ನಿಮ್ಮ ಏಳನೆಯದು ದಬ್ ಎಂದಿತ್ತು. ಒಳಗೆ ಹಸಿಯಿತ್ತು. ಕಾಲಿನ ಜೊತೆ ಅದೂ ಒಣಗಿ ಕುಗ್ಗಿದೆ. ನನಗೆ ಅವತ್ತೇ ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ನೀವು ಗುರುಗಳು."

ಅಜ್ಜನವರು ಬಾಗಿ, ಪೀಠದ ಅಡ್ಡಕೋಲುಗಳನ್ನು ಒಂದೊಂದಾಗಿ ಬೆರಳಿನಿಂದ ತಿರುವಿ ನೋಡಿದರು. ಒಂದು ತಿರುಗಿತು. ಹೊಳೆಯ ಆಚೆ ಮಳೆ ಶುರುವಾಗಿತ್ತು.

ಅವರು ತಮ್ಮ ಪೀಠವನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟರು. ದಾಕ್ಷಾಯಿಣಿಯ ಪೀಠವನ್ನು ತಂದು ಎಲ್ಲರ ನಡುವೆ ಇಟ್ಟರು. ಆಮೇಲೆ ಹೋಗಿ ಅದರ ಎದುರಿಗೆ ಕೈಕಟ್ಟಿ ನಿಂತರು.

"ಕೂತುಕೋ ತಾಯಿ. ಇನ್ನೂ ಏನೇನು ಕಂಡೂ ಸುಮ್ಮನಿದ್ದೀಯ, ಒಂದೊಂದಾಗಿ ಹೇಳು. ನಾನು ನಿಂತು ಕೇಳುತ್ತೇನೆ."